ಕಾಯುವುದು ಎಂಬ ಬಟನ್

ಯಾರ್ಡಿಗೆ ಅವಳು ಕಾಲಿಟ್ಟರೆ ಹಮಾಲರ ನಡಿಗೆ ಬದಲಾಗುತ್ತಿತ್ತು. ಕೆಲವರದು ಚುರುಕಾಗುತ್ತಿತ್ತು, ಕೆಲವರದು, ಬೇಕೆಂದೇ, ತುಂಬು ಬಸುರಿಯ ನಡಿಗೆಯಾಗುತ್ತಿತ್ತು. ಎರಡೂ ಅವಳಿಗೆ ಗೊತ್ತಿದ್ದದ್ದೇ. ಆದ್ದರಿಂದ ಮೊದಲ ಗಂಟೆಯಲ್ಲಿ ಕಂಡದ್ದನ್ನು ಅವಳು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಫೋರ್ಕ್‌ಲಿಫ್ಟ್ ತಿರುಗುವ ಜಾಗ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಸುಮ್ಮನೆ ನಿಲ್ಲುತ್ತಿದ್ದಳು. ಗಂಟೆ ಕಳೆಯುವಷ್ಟರಲ್ಲಿ ಜನ ಅವಳನ್ನೂ ಗೋಡೆಯ ಭಾಗವೆಂದು ತಿಳಿದು ತಮ್ಮ ಮಾಮೂಲಿ ನಡಿಗೆಗೆ ಮರಳುತ್ತಿದ್ದರು. ಅವಳ ಕೆಲಸ ಶುರುವಾಗುತ್ತಿದ್ದದ್ದು ಆಮೇಲೆ.

ಎಲ್ಲ ಯಾರ್ಡುಗಳಲ್ಲೂ ಅವಳನ್ನು ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕತ್ತಿನಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡು ಬರುತ್ತಿದ್ದಳು. ಈಗ ಅದು ಮನೆಯ ಮೇಜಿನ ಖಾನೆ ಸೇರಿದೆ, ಹೆಸರು ಮಾತ್ರ ಉಳಿದಿದೆ. ಒಮ್ಮೆ ಹಳೆಯ ಹಮಾಲನೊಬ್ಬ ಬೆನ್ನ ಮೇಲಿನ ಮೂಟೆ ಇಳಿಸಿ, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದ್ದ:

"ಅಲ್ಲಕ್ಕ, ನಾವು ಹೊತ್ತದ್ದನ್ನ ಅಳೀರಿ ಅಂದ್ರೆ ನೀವು ಹೊತ್ತನ್ನ ಅಳೀತೀರಲ್ಲ?"

"ಎರಡನ್ನೂ ಅಳೀತೀನಣ್ಣ. ಹೊತ್ತದ್ದನ್ನ ಹೊತ್ತಿನಿಂದ ಭಾಗಿಸೋದೇ ನನ್ನ ಕೆಲಸ."

"ಭಾಗಿಸಿ, ಭಾಗಿಸಿ. ಗುಣಿಸೋರು ಮೇಲೆ ಕೂತಿದಾರೆ."

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಂಪನಿಯ ವ್ಯವಹಾರ ಸರಕು ಸಾಗಿಸುವುದು. ದೂರದಿಂದ ದೊಡ್ಡ ಲಾರಿಗಳಲ್ಲಿ ಬಂದದ್ದು ಯಾರ್ಡಿನಲ್ಲಿ ಇಳಿಯುತ್ತದೆ, ಬೇರೆಬೇರೆಯಾಗುತ್ತದೆ, ಸಣ್ಣ ವ್ಯಾನುಗಳನ್ನೇರಿ ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳಿಗೆ ಹೋಗುತ್ತದೆ. ಅಂಥ ಏಳು ಯಾರ್ಡುಗಳಿದ್ದವು. ಒಂದೊಂದಕ್ಕೂ ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಡೀಸೆಲ್, ಎಷ್ಟು ಜಾಗ ಹಾಕಿದ್ದೇವೆ, ಅದಕ್ಕೆ ಪ್ರತಿಯಾಗಿ ಎಷ್ಟು ಸರಕು ಕೆಡದೆ, ಹೇಳಿದ ಹೊತ್ತಿಗೆ ಹೊರಗೆ ಹೋಯಿತು ಎಂದು ನೋಡುವುದು ಅವಳ ಕೆಲಸ. ಏಳರಲ್ಲಿ ಚೆನ್ನಾಗಿ ಮಾಡಿದ ಯಾರ್ಡಿಗೆ ನೂರು ಅಂಕ. ಉಳಿದ ಆರನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಎಷ್ಟು ಗಿಡ್ಡ ಎಂದು ನೋಡಬೇಕು. ಕಚೇರಿಯಲ್ಲಿ ಇದಕ್ಕೆ ದಕ್ಷತೆ ಎಂದು ಹೆಸರು. ಅತ್ತಿಗೆಗೆ ಒಂದು ಸಲ ಇದನ್ನು ವಿವರಿಸಿದಾಗ ಅವರು, "ಪಕ್ಕದ ಮನೆ ಹುಡುಗನ್ನ ತೋರಿಸಿ ನಮ್ಮನೆ ಹುಡುಗನಿಗೆ ಬೈಯೋಕೆ ಇಷ್ಟೆಲ್ಲ ಓದಬೇಕಾ, ಪುಟ್ಟಿ?" ಎಂದಿದ್ದರು.

ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎನ್ನುವ ಹಕ್ಕು ಜಗತ್ತಿನಲ್ಲಿ ಅತ್ತಿಗೆಯೊಬ್ಬರಿಗೇ ಉಳಿದಿತ್ತು. ಅವರು ಅವಳ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗ ಅವಳಿನ್ನೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಗಾಜಿನ ಕೊಳವೆಯಲ್ಲಿ ದ್ರವದ ಮಟ್ಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುವುದನ್ನು ಅಡುಗೆಮನೆಯಲ್ಲಿ ಎಣ್ಣೆಯ ಅಳತೆಲೋಟದ ಮೇಲೂ ಪ್ರಯೋಗಿಸುತ್ತಿದ್ದಳು. ಕಲಿಸುವ ಕೆಲಸ ಹಿಡಿಯಬೇಕೆಂದಿದ್ದಳು. ಸಿಕ್ಕಿದ್ದು ಅಳೆಯುವ ಕೆಲಸ. ಮದುವೆಯ ಮಾತು ಎರಡು ಸಲ ಮನೆ ಬಾಗಿಲಿಗೆ ಬಂದು ಬಂದ ದಾರಿಯಲ್ಲೇ ಹೋಯಿತು. "ಬಂದವರನ್ನೆಲ್ಲ ಅಳೆದ್ಲು, ಯಾರೂ ನೂರಾಗಲಿಲ್ಲ" ಎಂದು ಅತ್ತಿಗೆ ನೆಂಟರಿಗೆ ಹೇಳುತ್ತಿದ್ದರು. ನಿಜವಾಗಿ ಬಂದವರೇ ಇವಳನ್ನು ಅಳೆದು ಹೋಗಿದ್ದರು. ಅತ್ತಿಗೆ ಅದನ್ನು ತಿರುಗಿಸಿ ಹೇಳುವುದು ಅವರ ಒಳ್ಳೆಯತನ.

ಅಣ್ಣ ಲಾರಿ ಓಡಿಸುತ್ತಿದ್ದ. ಒಂದು ಬೇಸಿಗೆಯ ಮಧ್ಯಾಹ್ನ ಇದೇ ಕಂಪನಿಯ ಯಾರ್ಡೊಂದರ ಗೇಟಿನ ಹೊರಗೆ, ಸರದಿ ಸಾಲಿನಲ್ಲಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟವನು ಎದ್ದಿರಲಿಲ್ಲ. ಮುಂದಿನ ಲಾರಿಗಳು ಒಂದೊಂದಾಗಿ ಒಳಗೆ ಹೋದ ಮೇಲೂ ಇವನ ಲಾರಿ ಕದಲದೆ ಇದ್ದಾಗ ಹಿಂದಿನವನು ಹಾರ್ನ್ ಹೊಡೆದು, ಬೈದು, ಆಮೇಲೆ ಇಳಿದು ಬಂದು ನೋಡಿದ್ದ. ಆ ವರ್ಷದ ಕೊನೆಗೆ ಕಂಪನಿ ಅತ್ತಿಗೆಗೆ ಏಳರಲ್ಲೊಂದಾದ ಮೂಲೆ ಯಾರ್ಡಿನಲ್ಲಿ ಕೆಲಸ ಕೊಟ್ಟಿತು.

ಅಂದಿನಿಂದ ನಾದಿನಿ, ಅತ್ತಿಗೆ ಇಬ್ಬರೇ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು, ಮೇಲೆ ಇಬ್ಬರ ಮಾತು. ಬೆಳಿಗ್ಗೆ ಮೊದಲು ಎದ್ದವರು ಚಹಾ ಮಾಡಬೇಕು, ಸಂಜೆ ಮೊದಲು ಬಂದವರು ನೀರು ಕಾಯಿಸಬೇಕು. ಸಂಜೆಯ ನೀರು ಚಹಾಕ್ಕಲ್ಲ, ಕಾಲಿಗೆ. ಕಾಂಕ್ರೀಟ್ ನೆಲದ ಮೇಲೆ ನಿಂತ ವರ್ಷಗಳೆಲ್ಲ ಇಬ್ಬರ ಮಂಡಿಗಳಲ್ಲೂ ಜಮೆಯಾಗಿದ್ದವು. ಎರಡು ಬಕೆಟ್ ಇಟ್ಟುಕೊಂಡು, ಎದುರುಬದುರು ಕೂತು, ಕಾಲು ಇಳಿಬಿಡುತ್ತಿದ್ದರು. ನೀರು ಆರುವವರೆಗೆ ಯಾರೂ ಏಳುತ್ತಿರಲಿಲ್ಲ.

ಮೂಲೆ ಯಾರ್ಡಿನಲ್ಲಿ ಅತ್ತಿಗೆ ಮಾಡುತ್ತಿದ್ದದ್ದು ಇಷ್ಟು. ಒಂದು ಲಾರಿಯಿಂದ ಇಳಿದ ಸರಕು ಇನ್ನೊಂದಕ್ಕೆ ಏರುವ ತನಕ ನಡುವಿನ ದೊಡ್ಡ ಶೆಡ್ಡಿನಲ್ಲಿ ಇರುತ್ತದೆ. ಮೂಲೆ ಯಾರ್ಡಿಗೆ ಬರುವುದು ಹೆಚ್ಚಾಗಿ ಔಷಧಿ, ಮಕ್ಕಳ ಹಾಲಿನ ಪುಡಿ, ಪ್ರಯೋಗಾಲಯದ ಗಾಜು. ಅವುಗಳ ಬಳಿ ಯಾರಾದರೂ ಇರಬೇಕು. ಪೆಟ್ಟಿಗೆಯ ಸೀಲು ಒಡೆಯದಂತೆ, ಶೀತಲ ಕೋಣೆಯ ಬಾಗಿಲನ್ನು ಯಾರೂ ತೆರೆದಿಟ್ಟು ಹೋಗದಂತೆ, ಬಿಸಿಲಿನ ಪಟ್ಟಿ ಜರುಗುತ್ತ ಬಂದು ಔಷಧಿಯ ಮೇಲೆ ಬೀಳದಂತೆ. ಅತ್ತಿಗೆಯಂಥವರು ಅಲ್ಲಿ ಹಲವರಿದ್ದರು. ಎತ್ತುವವರಲ್ಲ, ಇಳಿಸುವವರಲ್ಲ. ಅಲ್ಲಿ ಇರುವವರು.

ಹೀಗೆ ವರ್ಷಗಳು ಕಳೆದ ಮೇಲೆ ಕಚೇರಿಗೆ ಹೊಸ ವ್ಯವಸ್ಥೆ ಬಂತು. ಗೋಡೆಗೊರಗಿ ನಿಲ್ಲುವ ಗಡಿಯಾರದಕ್ಕ ಒಬ್ಬಳು ಏಳು ಯಾರ್ಡುಗಳಿಗೆ ಸಾಲದು. ಇನ್ನು ಮೇಲೆ ಕೆಲಸಗಾರರೇ ತಮ್ಮ ಫೋನಿನಲ್ಲಿ ಈಗ ಏನು ಮಾಡುತ್ತಿದ್ದೇವೆ ಎಂಬ ಬಟನ್ ಒತ್ತಬೇಕು. ಎತ್ತುವುದು, ಇಳಿಸುವುದು, ಸಾಗಿಸುವುದು, ವಿಂಗಡಿಸುವುದು. ಐದನೆಯದಕ್ಕೆ ಕಚೇರಿಯವರು ನಿರೀಕ್ಷಣೆ ಎಂದು ಹಾಕಿದ್ದರು. ಲಾರಿ ಬಂದಿಲ್ಲ, ಜಾಗ ಖಾಲಿಯಿಲ್ಲ, ಕೈಯಲ್ಲಿ ಕೆಲಸವಿಲ್ಲ, ಅಂಥ ಹೊತ್ತಿಗೆ ಅದು. ಪಟ್ಟಿಯನ್ನು ನೋಡಿ ಒಪ್ಪಿಗೆ ಕೊಡಲು ಅವಳಿಗೆ ಕಳಿಸಿದಾಗ ಅವಳು ಮ್ಯಾನೇಜರ ಬಳಿ ಹೋಗಿ ಹೇಳಿದಳು:

"ಸರ್, ನಿರೀಕ್ಷಣೆ ಅಂದ್ರೆ ಹೆರಿಗೆ ಆಸ್ಪತ್ರೆ ಬಾಗಿಲಲ್ಲಿ ಓಡಾಡೋ ಥರ ಇರತ್ತೆ. ನಮ್ಮ ಜನ ನಗ್ತಾರೆ. ಕಾಯುವುದು ಅಂತ ಹಾಕಿ."

ಮ್ಯಾನೇಜರ್ ನಕ್ಕು ಹಾಗೇ ಆಗಲಿ ಎಂದರು. ಒಳ್ಳೆಯ ಸಲಹೆ ಎಂದೇ ಇಬ್ಬರಿಗೂ ಅನಿಸಿತ್ತು.

ಒಂದು ಷರತ್ತಿತ್ತು. ಯಾರು ಯಾವ ಬಟನ್ ಒತ್ತಿದರು ಎಂಬುದು ಕಚೇರಿಗೆ ಕಾಣಬಾರದು. ಯಾರ್ಡಿನ ಒಟ್ಟು ಮೊತ್ತ ಮಾತ್ರ ಕಾಣಬೇಕು. ಕೆಲಸಗಾರರ ಸಂಘ ಹಟ ಹಿಡಿದು ಮಾಡಿಸಿದ ಷರತ್ತು ಅದು. ಅವಳಿಗೂ ಅದು ನ್ಯಾಯವೆಂದೇ ತೋರಿತ್ತು.

ಕೆಲವು ತಿಂಗಳ ಮೇಲೆ ಮೊತ್ತ ಬಂತು. ಕಾಯುವುದರಲ್ಲಿ ಮೂಲೆ ಯಾರ್ಡು ಉಳಿದೆಲ್ಲ ಯಾರ್ಡುಗಳನ್ನು ಬಹುದೂರ ಹಿಂದೆ ಹಾಕಿತ್ತು. ಅಷ್ಟು ಜನ ಅಷ್ಟು ಹೊತ್ತು ಕೈಕಟ್ಟಿ ಕೂತರೆ ದಕ್ಷತೆ ಎಲ್ಲಿಂದ ಬರಬೇಕು? ಏಳರಲ್ಲಿ ಮೂಲೆ ಯಾರ್ಡು ಏಳನೆಯದಾಗಿತ್ತು. ಅದರ ಮೇಲೆ, ಹೆಚ್ಚು ಅಂತರವಿಲ್ಲದೆ, ಕಾಲುವೆ ಯಾರ್ಡು.

ಮ್ಯಾನೇಜರ್ ಕಚೇರಿಯ ಬಾಗಿಲು ಮುಚ್ಚಿಸಿ ಮಾತಾಡಿದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಆದರೆ ಆ ದಿನ ಅವರ ಮುಖವೂ ನಿದ್ದೆಗೆಟ್ಟಿತ್ತು.

"ಏಳನ್ನ ಆರು ಮಾಡಿ ಅಂತ ಮೇಲಿಂದ ಬಂದಿದೆ. ಕೊನೆಯದನ್ನ ಮುಚ್ಚೋದು. ಶುಕ್ರವಾರ ನಿಮ್ಮ ವರದಿ ಕೊಡಿ. ಅಲ್ಲೀವರೆಗೆ ಯಾರಿಗೂ ಬಾಯಿ ಬಿಡೋ ಹಾಗಿಲ್ಲ."

"ಮುಚ್ಚಿದ್ರೆ ಅಲ್ಲಿನ ಜನ, ಸರ್?"

"ಫೋರ್ಕ್‌ಲಿಫ್ಟಿನವರನ್ನ, ವಿಂಗಡಣೆಯವರನ್ನ ಬೇರೆ ಕಡೆ ಹಾಕ್ತೀವಿ. ಉಳಿದವರನ್ನ…" ಅವರು ಮೇಜಿನ ಮೇಲಿನ ಗಿಡದಿಂದ ಒಣಗಿದ ಎಲೆಯೊಂದನ್ನು ಕಿತ್ತರು. "ನೋಡೋಣ."

ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಎತ್ತದ, ಇಳಿಸದ, ಅರವತ್ತರ ಹತ್ತಿರದ ಹೆಂಗಸಿಗೆ ಇನ್ನೊಂದು ಕಡೆ ಕೆಲಸ ಕೊಡುವವರು ಯಾರೂ ಇರಲಿಲ್ಲ.

ಸಂಜೆ ಅವಳೇ ಮೊದಲು ಮನೆಗೆ ಬಂದಳು. ದೊಡ್ಡ ಪಾತ್ರೆಯಲ್ಲಿ ನೀರು ಒಲೆಯ ಮೇಲಿಟ್ಟು, ಸ್ಟೂಲಿನ ಮೇಲೆ ಕೂತಳು. ಹೇಳುವಂತಿಲ್ಲ; ಹೇಳದೆ ಅತ್ತಿಗೆಯ ಎದುರು ಕಾಲು ಇಳಿಬಿಟ್ಟು ಕೂರುವುದು ಹೇಗೆಂದೂ ತೋಚಲಿಲ್ಲ. ಮೆಟ್ಟಿಲ ಮೇಲೆ ಅತ್ತಿಗೆಯ ಹೆಜ್ಜೆ ಕೇಳಿಸಿತು. ಎರಡು ಮೆಟ್ಟಿಲು, ಒಂದು ಉಸಿರು. ಎರಡು ಮೆಟ್ಟಿಲು, ಒಂದು ಉಸಿರು.

"ಅಬ್ಬ, ಇವತ್ತು ಕಾದು ಕಾದು ಸಾಕಾಗಿ ಹೋಯ್ತು ಪುಟ್ಟಿ" ಎನ್ನುತ್ತ ಅತ್ತಿಗೆ ಚಪ್ಪಲಿ ಬಿಟ್ಟರು.

"ಯಾರನ್ನ ಕಾದ್ರಿ? ಲಾರಿ ತಡವಾಯ್ತಾ?"

"ಲಾರಿ ಯಾಕೆ ತಡವಾಗತ್ತೆ? ಒಂದರ ಹಿಂದೆ ಒಂದು ಬರ್ತಾನೇ ಇತ್ತು. ಯಾರನ್ನೂ ಕಾಯಲಿಲ್ಲ. ಸರಕು ಕಾದೆ. ಗಾಜಿನ ಪೆಟ್ಟಿಗೆ ಬಂದಿತ್ತು, ಕಣ್ಣು ಮಿಟುಕಿಸೋ ಹಾಗಿಲ್ಲ. ಊಟಕ್ಕೂ ಕೂರಲಿಲ್ಲ. ನೀರು ಕಾಯ್ತಾ?"

ಅವಳು ಸ್ಟೂಲಿನಿಂದ ಏಳದೆ ಅತ್ತಿಗೆಯ ಮುಖವನ್ನೇ ನೋಡಿದಳು.

"ನೀರು ಕಾದಿದೆಯೇನೇ ಅಂದೆ. ಮೂಗಿಯಾದ್ಯಾ?"

"ಅತ್ತಿಗೆ, ಫೋನಲ್ಲಿ ನೀವು ಯಾವ ಬಟನ್ ಒತ್ತುತೀರಿ?"

"ಯಾವುದನ್ನ ಒತ್ತಲಿ? ನಾನೇನು ಎತ್ತುತೀನಾ, ಇಳಿಸ್ತೀನಾ? ಕಾಯುವುದು ಅಂತ ಚೆನ್ನಾಗಿ ಒಂದು ಬಟನ್ ಇಟ್ಟಿದಾರಲ್ಲ, ಅದೇ. ಬೆಳಿಗ್ಗೆ ಒತ್ತಿದ್ರೆ ಸಂಜೆವರೆಗೂ ಮುಟ್ಟೋ ಹಾಗಿಲ್ಲ. ನಮ್ಮ ಕಡೆಯವರೆಲ್ಲ ಹಾಗೇ. ಪಾಪ, ಯಾರೋ ನಮ್ಮನ್ನ ನೆನಪಿಟ್ಟುಕೊಂಡು ಹಾಕಿದಾರೆ ಅಂತ ಮಾತಾಡ್ಕೋತಿದ್ವಿ."

ಪಾತ್ರೆಯ ಮುಚ್ಚಳ ಕುಣಿಯತೊಡಗಿತ್ತು. ಅವಳು ಎದ್ದು ಒಲೆ ಆರಿಸಿದಳು. ಒಲೆಯ ಮೇಲೆ ನೀರು ಕಾದಿತ್ತು, ಸ್ಟೂಲಿನ ಮೇಲೆ ಅವಳು ಕಾದಿದ್ದಳು, ಯಾರ್ಡಿನಲ್ಲಿ ಅತ್ತಿಗೆ ಕಾದಿದ್ದರು. ಇಷ್ಟು ವರ್ಷ ಅಡುಗೆಮನೆಯಲ್ಲಿ ಈ ಮಾತು ಹೀಗೆ ಮೂರು ದಿಕ್ಕಿಗೆ ಹರಿದರೂ ಯಾರಿಗೂ ಗೊಂದಲವಾಗಿರಲಿಲ್ಲ. ಮಾತಾಡುವಾಗ ಎದುರಿಗೆ ಮನುಷ್ಯನಿರುತ್ತಾನೆ. ಬಟನ್ನಿನ ಎದುರು ಯಾರಿರುತ್ತಾರೆ? ಸರಕು ನೋಡಿಕೊಳ್ಳುವುದನ್ನು ಕೆಲಸವೆಂದು ಆ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಅವಳು ಹಾಕಿಸಿದ ಪದ ಆ ಖಾಲಿ ಜಾಗಕ್ಕೆ ಸರಿಯಾಗಿ ಹೋಗಿ ಕೂತುಬಿಟ್ಟಿತ್ತು.

ಆ ಸಂಜೆ ಇಬ್ಬರೂ ಕಾಲು ಇಳಿಬಿಟ್ಟು ಕೂತಾಗ ಅತ್ತಿಗೆ ಗಾಜಿನ ಪೆಟ್ಟಿಗೆಯ ಕತೆ ಹೇಳಿದರು. ಅವಳು ಹೂಂಗುಟ್ಟಿದಳು. ನೀರು ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತಪ್ಪು ಸಿಕ್ಕಿದ್ದಕ್ಕೆ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಾಲೇಜಿನಲ್ಲಿ ಕಲಿತ ಮೊದಲ ಪಾಠ ಕೊಳವೆಯನ್ನು ಓರೆಯಾಗಿ ನೋಡಿದರೆ ಮಟ್ಟ ತಪ್ಪು ಕಾಣುತ್ತದೆ ಎಂಬುದು. ನೋಡುವವನಿಗೆ ತಾನು ಓರೆಯಾಗಿ ನಿಂತಿರುವುದು ಗೊತ್ತಾಗುವುದಿಲ್ಲ, ಅದೇ ಕಷ್ಟ. ಅತ್ತಿಗೆ ಮೂಲೆ ಯಾರ್ಡಿನಲ್ಲಿ ಇಲ್ಲದೆ ಬೇರೆಲ್ಲೋ ಇದ್ದಿದ್ದರೆ ಈ ತಪ್ಪು ತನಗೆ ಕಾಣುತ್ತಿತ್ತೇ? ಕಾಣದಿದ್ದರೆ, ಉಳಿದ ಆರು ಯಾರ್ಡುಗಳಲ್ಲಿ ತನಗೆ ಅತ್ತಿಗೆಯಿಲ್ಲದ ಕಾರಣಕ್ಕೆ ಕಾಣದೆ ಉಳಿದದ್ದು ಎಷ್ಟು? ಅಳೆದೂ ಸುರಿದೂ ಒಂದು ತೀರ್ಮಾನಕ್ಕೆ ಬಂದು, ಬೆಳಿಗ್ಗೆ ಮ್ಯಾನೇಜರ ಮುಂದೆ ನಿಂತಳು. ಪದದ ವಿಷಯ ಹೇಳಿದಳು. ಅದನ್ನು ಹಾಕಿಸಿದ್ದು ತಾನೇ ಎಂಬುದನ್ನು ನೆನಪಿಸಿದಳು. ಅತ್ತಿಗೆಯ ವಿಷಯವನ್ನೂ ಹೇಳಿದಳು.

ಮ್ಯಾನೇಜರ್ ಗಿಡದ ಕುಂಡವನ್ನು ಮೇಜಿನ ಅಂಚಿಗೆ ಸರಿಸಿದರು.

"ಕೇಳಿದವರು ಏನಂತಾರೆ ಗೊತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತಾರೆ."

"ನೆಲ ಅಳೆಯೋದೇ ನನ್ನ ಕೆಲಸ ಸರ್. ಡೊಂಕಿದೆ."

"ನಿಮ್ಮ ಅತ್ತಿಗೆ ನಿಂತಿರೋ ಕಡೆ ಮಾತ್ರಾನಾ?"

"ಅದನ್ನೇ ನೋಡಬೇಕು. ಏಳು ಕಡೆಯೂ ನಾನೇ ಹೋಗಿ ನಿಲ್ತೀನಿ. ಫೋನಿನ ಲೆಕ್ಕ ಪಕ್ಕಕ್ಕಿಟ್ಟು, ಹಳೇ ಥರ. ಮೂಲೆ ಯಾರ್ಡಿಗೆ ನನ್ನ ಜೊತೆ ಲೆಕ್ಕಪತ್ರ ವಿಭಾಗದವರು ಯಾರಾದ್ರೂ ಬರಲಿ. ನಾನು ಬರೆದದ್ದನ್ನ ಅವರೂ ಬರೀಲಿ, ಆಮೇಲೆ ಹೋಲಿಸೋಣ."

"ಶುಕ್ರವಾರ ಅಂದ್ರೆ ಶುಕ್ರವಾರ" ಎಂದರು ಮ್ಯಾನೇಜರ್. ಅದು ಒಪ್ಪಿಗೆಯೆಂದು ಅವಳು ತಿಳಿದುಕೊಂಡಳು.

ಖಾನೆಯಿಂದ ಸ್ಟಾಪ್‌ವಾಚ್ ಮತ್ತೆ ಹೊರಗೆ ಬಂತು. ದಾರ ಸವೆದಿತ್ತು, ಅತ್ತಿಗೆ ಏನು, ಯಾಕೆ ಎಂದು ಕೇಳದೆ ತಮ್ಮ ಹಳೆಯ ಶೂ ಲೇಸು ಕಟ್ಟಿಕೊಟ್ಟರು. ಯಾರ್ಡಿನಿಂದ ಯಾರ್ಡಿಗೆ ಬಸ್ಸು, ಬಸ್ಸಿನಿಂದ ಇಳಿದು ನಡಿಗೆ, ಗೋಡೆ, ಮೊದಲ ಗಂಟೆ, ಆಮೇಲೆ ಅಳತೆ. ಮೂಲೆ ಯಾರ್ಡಿನಲ್ಲಿ ಅತ್ತಿಗೆ ಅವಳನ್ನು ಕಂಡರೂ ಕಾಣದವರಂತೆ ಇದ್ದರು. ನಾದಿನಿಯನ್ನು ಕೆಲಸದ ಜಾಗದಲ್ಲಿ ಮಾತಾಡಿಸಬಾರದೆಂದು ಇಬ್ಬರ ನಡುವೆ ಮೊದಲಿನಿಂದಲೂ ಇದ್ದ ನಿಯಮ. ಲೆಕ್ಕಪತ್ರದವನು ಮಧ್ಯಾಹ್ನದ ಹೊತ್ತಿಗೆ ಆಕಳಿಸಿ, "ಮೇಡಂ, ಇವರು ನಿಂತಿರೋದು ಬಿಟ್ಟು ಏನೂ ಮಾಡ್ತಿಲ್ಲವಲ್ಲ" ಎಂದ. ಸ್ವಲ್ಪ ಹೊತ್ತಿನ ಮೇಲೆ ಯಾರೋ ಶೀತಲ ಕೋಣೆಯ ಬಾಗಿಲಿಗೆ ಟ್ರಾಲಿ ಅಡ್ಡ ನಿಲ್ಲಿಸಿ ಬೀಡಿ ಸೇದಲು ಹೊರಟರು. ಅತ್ತಿಗೆ ಕೂಗಲೂ ಇಲ್ಲ. ಹೋಗಿ ಟ್ರಾಲಿ ಸರಿಸಿ, ಬಾಗಿಲೆಳೆದು, ತಮ್ಮ ಜಾಗಕ್ಕೆ ಬಂದರು. ಲೆಕ್ಕಪತ್ರದವನು ಏನೋ ಬರೆದುಕೊಂಡ. ಅವಳೂ ಬರೆದುಕೊಂಡಳು. ಸಂಜೆ ಹೋಲಿಸಿದಾಗ ಇಬ್ಬರದೂ ಹೆಚ್ಚುಕಡಿಮೆ ಒಂದೇ ಇತ್ತು.

ಬೇರೆ ಯಾರ್ಡುಗಳಲ್ಲಿ ಕಾವಲಿನವರು ಒಬ್ಬಿಬ್ಬರು ಮಾತ್ರ. ಅವರೂ ಅದೇ ಬಟನ್ ಒತ್ತಿದ್ದರು, ಆದರೆ ಒಬ್ಬಿಬ್ಬರಿಂದ ಮೊತ್ತ ಕದಲುವುದಿಲ್ಲ.

ಕೊನೆಗೆ ಉಳಿದದ್ದು ಕಾಲುವೆ ಯಾರ್ಡು. ಅಲ್ಲಿನ ಮೇಸ್ತ್ರಿ ಬೋಳುತಲೆಯ, ಗಟ್ಟಿ ದನಿಯ ಮನುಷ್ಯ. ಏಳು ಯಾರ್ಡುಗಳಲ್ಲಿ ಗಡಿಯಾರದಕ್ಕನಿಗೆ ಕುರ್ಚಿ ತಂದುಕೊಡುತ್ತಿದ್ದವನು ಅವನೊಬ್ಬನೇ. ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಅವಳು ಬಂದ ಕೂಡಲೇ ಅದನ್ನು ಗೋಡೆಯ ಪಕ್ಕ ಇಟ್ಟು, ಕೈಯಿಂದ ಒರೆಸುತ್ತಿದ್ದ.

"ನಿಂತು ನೋಡಿದ್ರೂ ನಾವು ಇಷ್ಟೇ, ಕೂತು ನೋಡಿದ್ರೂ ಇಷ್ಟೇ. ಕೂತೇ ನೋಡಿ" ಅನ್ನುತ್ತಿದ್ದ.

ಕಾಲುವೆ ಯಾರ್ಡಿಗೆ ಬರುವುದು ಪೈಪು, ಬಣ್ಣದ ಡಬ್ಬಿ, ಟೈಲ್ಸು. ಅವನ್ನು ಕಾಯುವವರು ಬೇಕಿಲ್ಲ. ಆ ದಿನ ಹಮಾಲರು ಶೆಡ್ಡಿನ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಗೇಟಿನ ಹೊರಗೆ ಕಾಲುವೆಯ ಪಕ್ಕದ ರಸ್ತೆಯನ್ನು ಕೊಳವೆ ಹಾಕಲು ಅಗೆದು ಬಹಳ ಕಾಲವಾಗಿತ್ತು. ಮುಚ್ಚುವವರು ಬಂದಿರಲಿಲ್ಲ. ಒಂದು ಲಾರಿ ಹೋಗುವ ಜಾಗದಲ್ಲಿ ಎರಡು ಎದುರಾದರೆ ಒಂದು ತಿರುವಿನವರೆಗೂ ಹಿಂದಕ್ಕೆ ಹೋಗಬೇಕು.

"ಹಿಂದೆ ಹೋಗೋದ್ರಲ್ಲೇ ನಮ್ಮ ಡ್ರೈವರುಗಳು ಪಂಡಿತರಾಗಿಬಿಟ್ಟಿದಾರೆ" ಎಂದ ಮೇಸ್ತ್ರಿ. "ಆ ಗುಂಡಿ ಅಳೆದ್ರಾ ಅಕ್ಕ?"

"ಗೇಟಿನ ಒಳಗಿನದು ಮಾತ್ರ ನನ್ನ ಲೆಕ್ಕ."

"ಗುಂಡಿಯೇನೋ ಹೊರಗಿದೆ. ಒಳಗೆ ಕೂತಿರೋರು ನಾವು."

ಅವಳು ಸ್ಟಾಪ್‌ವಾಚ್ ಒತ್ತಿದಳು. ಇಲ್ಲಿನ ಕಾಯುವುದು ನಿಜಕ್ಕೂ ಬರಿಯ ಕಾಯುವುದೇ. ಅದರಲ್ಲಿ ಬೇರೆ ಅರ್ಥವಿರಲಿಲ್ಲ, ತಿದ್ದಲು ಏನೂ ಇರಲಿಲ್ಲ. ಮೂಲೆ ಯಾರ್ಡಿನ ಲೆಕ್ಕ ಸರಿಯಾದರೆ ಅದು ಮೇಲೇರುತ್ತದೆ, ಕಾಲುವೆ ಯಾರ್ಡು ಏಳನೆಯದಾಗುತ್ತದೆ. ಇದು ಅವಳಿಗೆ ಮೊದಲೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸಾಲೆಂದ ಮೇಲೆ ಕೊನೆಯೊಂದು ಇದ್ದೇ ಇರುತ್ತದೆ. ಆದರೆ ಅಲ್ಲಿಯವರೆಗೆ ಅದು ಒಂದು ಅಂಕಿಯಾಗಿತ್ತು. ಈಗ ಅವನು ಕೊಟ್ಟ ಕುರ್ಚಿಯಲ್ಲಿ ಕೂತೇ ಅವನ ಯಾರ್ಡನ್ನು ಕೊನೆಗೆ ತಳ್ಳುತ್ತಿದ್ದಳು. ಒಂದು ಸಲ ಎದ್ದು ನಿಂತಳು. ಮಂಡಿ ಚುಚ್ಚಿತು. ನಿಂತರೆ ಅಂಕಿ ಬದಲಾಗುವುದಿಲ್ಲವಲ್ಲ ಎಂದು ಮತ್ತೆ ಕೂತಳು.

ಶುಕ್ರವಾರ ವರದಿ ಕೊಟ್ಟಳು. ಮೂಲೆ ಯಾರ್ಡು ನಾಲ್ಕನೆಯದಾಗಿತ್ತು. ಕೊನೆಯ ಪುಟದಲ್ಲಿ ಅಗೆದ ರಸ್ತೆಯ ವಿಷಯ ಬರೆದು, ತಡವಾಗುತ್ತಿರುವುದು ಗೇಟಿನ ಹೊರಗೆ, ಆದ್ದರಿಂದ ಈ ಅಂಕಿಯೊಂದನ್ನೇ ನೋಡಿ ಯಾವ ಯಾರ್ಡನ್ನೂ ಮುಚ್ಚುವುದು ಸರಿಯಲ್ಲ ಎಂದು ಸೇರಿಸಿದ್ದಳು. ಮ್ಯಾನೇಜರ್ ಆ ಪುಟವನ್ನೂ ಪೂರ್ತಿ ಓದಿದರು. ಓದದೆ ಮಗುಚಿದ್ದರೆ ಅವಳಿಗೆ ಕೋಪ ಮಾಡಿಕೊಳ್ಳಲಾದರೂ ಬರುತ್ತಿತ್ತು.

"ಹಾಗಾದ್ರೆ ಕೊನೆಯದು ಕಾಲುವೆ."

"ಹೌದು ಸರ್, ಆದ್ರೆ…"

"ಆದ್ರೆ ಏಳಕ್ಕೂ ಇರತ್ತೆ ಅಲ್ವಾ? ನೀವೇ ಹೇಳಿ, ಆದ್ರೆ ಇಲ್ಲದ ಯಾರ್ಡು ಯಾವುದಾದ್ರೂ ಇದೆಯಾ?"

"ಇಲ್ಲ ಸರ್."

"ಎಲ್ಲದರಲ್ಲೂ ಇದ್ರೆ ಎಲ್ಲದರಿಂದಲೂ ಕಳೀಬಹುದು. ಉಳಿಯೋದು ಮತ್ತೆ ಅದೇ ಸಾಲು." ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ನಿಮ್ಮ ಪುಟ ಮೇಲಕ್ಕೆ ಕಳಿಸ್ತೀನಿ. ಹರಿದು ಹಾಕಲ್ಲ."

ಕಳಿಸಿದರು. ಮೇಲಿನಿಂದ ಉತ್ತರ ಬಂತು. ಅದರಲ್ಲಿ ಕಾಲುವೆ ಯಾರ್ಡಿನ ಹೆಸರಿತ್ತು, ರಸ್ತೆಯ ಸುದ್ದಿ ಇರಲಿಲ್ಲ. ಫೋನಿನ ಬಟನ್ ಮಾತ್ರ ಅವಳು ಹೇಳಿದಂತೆ ಎರಡಾಯಿತು. ಒಂದು ಕಾವಲು, ಇನ್ನೊಂದು ತಡ.

ಆ ಸಂಜೆ ಬಕೆಟ್ಟಿನ ಎದುರು ಎಲ್ಲವನ್ನೂ ಅತ್ತಿಗೆಗೆ ಹೇಳಿದಳು. ಮೂಲೆ ಯಾರ್ಡು ಉಳಿಯಿತು ಎಂದಾಗ ಅತ್ತಿಗೆ ಕಾಲಿನಿಂದ ಕಾಲು ಉಜ್ಜಿಕೊಳ್ಳುತ್ತಿದ್ದದ್ದನ್ನು ನಿಲ್ಲಿಸಿದರು. ಅದು ಹೋಗುವುದರಲ್ಲಿತ್ತೆಂದೇ ಅವರಿಗೆ ಗೊತ್ತಿರಲಿಲ್ಲ.

"ನಾನು ಒಂದು ಬಟನ್ ಒತ್ತಿದ್ದಕ್ಕಾ?"

"ನಾನು ಒಂದು ಪದ ಹಾಕಿಸಿದ್ದಕ್ಕೆ."

"ಮತ್ತೆ ಈಗ ಕಾಲುವೆಯವರು ಏನು ಮಾಡಿದ್ರು ಅಂತ?"

"ಏನೂ ಮಾಡಿಲ್ಲ. ರಸ್ತೆ ಅಗೆದಿದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದರು ಅತ್ತಿಗೆ. ಆಮೇಲೆ, "ನೀನು ಹೋಗಿ ಹೇಳು. ಕಾಗದ ಬಂದು ಗೊತ್ತಾಗೋದಕ್ಕಿಂತ" ಎಂದರು. ಉಳಿಸಿದೆಯಲ್ಲ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಎದ್ದು ಹೋಗುವಾಗ ಅತ್ತಿಗೆ ಅವಳ ಬಕೆಟ್ಟಿಗೆ ಇನ್ನೊಂದು ಚೊಂಬು ಬಿಸಿನೀರು ಹೊಯ್ದರು. ಹಾಗೆ ಯಾವತ್ತೂ ಹೊಯ್ದಿರಲಿಲ್ಲ. ಎರಡು ಬಕೆಟ್ಟಿಗೂ ಸಮ ನೀರು ಎನ್ನುವುದು ಆ ಮನೆಯ ಕ್ರಮ.

ರಜೆಯ ದಿನ ಅವಳು ಕಾಲುವೆ ಯಾರ್ಡಿಗೆ ಹೋದಳು. ಕತ್ತಿನಲ್ಲಿ ಏನೂ ಇರಲಿಲ್ಲ. ಮೇಸ್ತ್ರಿ ಎಂದಿನಂತೆ ಕುರ್ಚಿ ತಂದು ಒರೆಸಿದ.

"ಇವತ್ತು ಅಳೆಯೋಕೆ ಬಂದಿಲ್ಲ" ಎಂದಳು.

"ಹಾಗಾದ್ರೆ ಧಾರಾಳವಾಗಿ ಕೂತ್ಕೊಳ್ಳಿ. ಅಳೆಯೋಕೆ ಬಂದಾಗ ಕೊಟ್ರೆ ಲಂಚ ಅಂತಿದ್ರು ನಮ್ಮ ಹುಡುಗ್ರು."

ಅವಳು ಹೇಳಿದಳು. ಸುತ್ತಿಬಳಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ; ಯಾವುದು ಮೊದಲು ನಡೆಯಿತೋ ಅದನ್ನು ಮೊದಲು, ಆಮೇಲಿನದನ್ನು ಆಮೇಲೆ. ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು, ಅವಳು ಯಾವತ್ತೂ ನಿಲ್ಲುತ್ತಿದ್ದ ಹಾಗೆ ನಿಂತು ಕೇಳಿದ.

"ಮೂಲೆಯವರದು ಹೋಗತ್ತೆ ಅಂತ ಗಾಳಿ ಸುದ್ದಿ ಇತ್ತಲ್ಲ" ಎಂದ ಕೊನೆಗೆ.

"ಇತ್ತು. ಅಲ್ಲಿನ ಲೆಕ್ಕ ತಪ್ಪಿತ್ತು. ನಾನು ತಿದ್ದಿದೆ. ಅಲ್ಲಿ ನನ್ನ ಅತ್ತಿಗೆ ಇದಾರೆ. ಅದಕ್ಕೆ ತಿದ್ದಿದ್ದಲ್ಲ. ಆದ್ರೂ ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ."

"ತಿದ್ದಿದ್ದು ಸರಿ ತಾನೆ?"

"ಸರಿ. ಇನ್ನೊಬ್ಬರೂ ನೋಡಿದಾರೆ."

"ಹಾಗಾದ್ರೆ ಅತ್ತಿಗೆ ವಿಷಯ ಯಾಕೆ ಹೇಳಿದ್ರಿ ಅಕ್ಕ?" ಮೇಸ್ತ್ರಿ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡ. "ಹೇಳದೆ ಇದ್ದಿದ್ರೆ, ಇನ್ನೊಬ್ಬರ ಬಾಯಿಂದ ಗೊತ್ತಾದಾಗ ನಿಮ್ಮನ್ನ ಚೆನ್ನಾಗಿ ಬೈಕೋಬಹುದಿತ್ತು. ಈಗ ಅದೂ ಇಲ್ಲ."

ಅವಳಿಗೆ ನಗು ಬಂತು. ಬಂದದ್ದು ಪೂರ್ತಿ ಆಗಲಿಲ್ಲ.

"ನಿಮ್ಮ ಜನಕ್ಕೆ ಯಾವಾಗ ಹೇಳ್ತೀರಿ?"

"ಲಾರಿ ಬರಲಿ. ಇಳಿಸಿ ಆಗಲಿ. ಹೊಟ್ಟೆಗೆ ಬಿದ್ದ ಮೇಲೆ ಹೇಳ್ತೀನಿ. ಭಾರ ಎತ್ತೋರಿಗೆ ಮೊದಲೇ ಹೇಳಿದ್ರೆ ಕಾಲು ಜಾರತ್ತೆ."

ಅವನ ಜೇಬಿನಲ್ಲಿ ಫೋನು ಗುನುಗಿತು. ತೆಗೆದು ನೋಡಿ ಅವಳಿಗೂ ತೋರಿಸಿದ. ಹೊಸ ಬಟನ್ನುಗಳು ಬಂದಿದ್ದವು.

"ಇದನ್ನ ಇನ್ನೂ ಒತ್ತಬೇಕಾ?"

"ಮುಚ್ಚೋವರೆಗೂ ಒತ್ತಬೇಕು."

ದೂರದಲ್ಲಿ, ಕಾಲುವೆಯ ತಿರುವಿನಲ್ಲಿ, ಪೈಪು ಹೇರಿದ ಲಾರಿಯೊಂದು ಎದುರಿನದಕ್ಕೆ ದಾರಿ ಬಿಡಲು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಶೆಡ್ಡಿನ ನೆರಳಿನಲ್ಲಿ ಕೂತ ಹಮಾಲರಲ್ಲಿ ಯಾರೋ ಏನೋ ಅಂದರು, ಉಳಿದವರು ನಕ್ಕರು. ಮೇಸ್ತ್ರಿ ಅವರ ಕಡೆ ನೋಡಿದ, ಲಾರಿಯ ಕಡೆ ನೋಡಿದ, ಹೆಬ್ಬೆರಳಿನಿಂದ ಒಂದು ಬಟನ್ ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡ. ಯಾವುದನ್ನು ಒತ್ತಿದಿರಿ ಎಂದು ಅವಳು ಕೇಳಲಿಲ್ಲ.

"ಹೊರಡ್ತೀರಾ ಅಕ್ಕ?"

"ಲಾರಿ ಬರಲಿ" ಎಂದಳು, ಮಂಡಿಯ ಮೇಲೆ ಕೈಯಿಟ್ಟುಕೊಂಡು.